ಪರದೆಯ ಮೇಲಿನ ಜುಮಾನಾ

ಇರ್ಬಿದ್
ಮೇ ಹದಿನೇಳು, ಶುಕ್ರವಾರ, ಮಧ್ಯಾಹ್ನದ ನಮಾಜು ಮುಗಿಸಿ ಬಂದು

ನನ್ನ ಪ್ರೀತಿಯ ಯಮ್ಮಾ,

ನಿನ್ನ ಎರಡೂ ಕೈಗಳಿಗೆ ನನ್ನ ಮುತ್ತು. ಮಂಡಿ ಹೇಗಿದೆ? ಅಕಬಾದ ಸೆಕೆಯಲ್ಲಿ ಸಕ್ಕರೆ ಏರಿಲ್ಲ ತಾನೆ? ಗುಳಿಗೆ ನೆನಪಿನಿಂದ ನುಂಗುತ್ತಿದ್ದೀಯೋ, ಅಥವಾ ಮೊಮ್ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಎಲ್ಲವನ್ನೂ ಮರೆತಿದ್ದೀಯೋ? ತಂಗಿ ತಹಾನಿಗೆ ಹಾಲು ಚೆನ್ನಾಗಿ ಬರುತ್ತಿದೆಯೆಂದು ಕೇಳಿ ಸಂತೋಷವಾಯಿತು. ಬಾಣಂತಿಗೆ ದಾಲ್ಚಿನ್ನಿ ಕಷಾಯ ಕಾಯಿಸಿ ಕೊಡುವುದನ್ನು ಅವಳ ಅತ್ತೆಗೆ ಬಿಡು, ನಲವತ್ತು ದಿನವೂ ನೀನೇ ಒಲೆಯ ಮುಂದೆ ನಿಲ್ಲಬೇಡ. ಫೋನಿರುವಾಗ ಇವನೇಕೆ ಕಾಗದ ಬರೆಯುತ್ತಿದ್ದಾನೆ ಎಂದು ನಗಬಹುದು. ತಂಗಿಯ ಮನೆಯಲ್ಲಿ ಫೋನೆಂದರೆ ಮನೆಮಂದಿಯೆಲ್ಲ ಸುತ್ತ ಕೂತು ಜೋರಾಗಿ ಕೇಳಿಸಿಕೊಳ್ಳುವ ರೇಡಿಯೋ ಇದ್ದ ಹಾಗೆ. ನಾನು ಹೇಳಬೇಕಾದದ್ದು ಅಳಿಯನ ಅಪ್ಪನ ಕಿವಿಗೆ ಬೀಳುವಂಥದ್ದಲ್ಲ. ಅದಕ್ಕೆ ಅಕಬಾ ಬಸ್ಸಿನ ಚಾಲಕ ಅಬು ರಾಕಾನ್ ಕೈಯಲ್ಲಿ ಕಳಿಸುತ್ತಿದ್ದೇನೆ. ಜೊತೆಗೆ ಎಣ್ಣೆಯಲ್ಲಿ ಹಾಕಿದ ಮೊಸರುಂಡೆಯ ಒಂದು ಜಾಡಿ ಇದೆ. ಅವನು ದಾರಿಯಲ್ಲಿ ಮುಚ್ಚಳ ತೆಗೆದಿದ್ದಾನೆಯೇ ನೋಡಿಕೋ.

ಈಗ ಸುದ್ದಿಗೆ ಬರುತ್ತೇನೆ. ಈ ಎಂಟು ದಿನ ನನ್ನ ತಲೆ ಹೇಗೆ ಕೆಟ್ಟು ಕೆರ ಹಿಡಿದಿದೆಯೆಂದು ಆ ದೇವರಿಗೇ ಗೊತ್ತು. ಹೋದ ಗುರುವಾರ ನಿನ್ನನ್ನು ಬಸ್ಸು ಹತ್ತಿಸಿ ಮನೆಗೆ ಬಂದೆ. ಕಾರಿನ ಸೀಟು ಹೊಲಿಯುವ ಆ ಕಾರ್ಖಾನೆಗೆ ಹೋಗಲು ಮನಸ್ಸಾಗಲಿಲ್ಲ. ನಾಲ್ಕು ಆಟ ಇಸ್ಪೀಟಾಡೋಣವೆಂದು ನೀನು ಕಸೂತಿ ಹಾಕಿದ ಬಟ್ಟೆ ಸರಿಸಿ ಕಂಪ್ಯೂಟರ್ ಹಚ್ಚಿದೆ. ಯಾವಾಗಲೂ ಮಗಳು ರಹಫಳ ಹೆಸರು ಮೇಲೆ ಬರುತ್ತದೆ, ಅದನ್ನು ದಾಟಿ ನನ್ನದಕ್ಕೆ ಹೋಗುತ್ತೇನೆ, ಪಟ್ಟಿಯಲ್ಲಿ ಬೇರೆ ಯಾರಿದ್ದಾರೆಂದು ನೋಡಿದವನಲ್ಲ. ಅವತ್ತು ಪರದೆಯ ನಟ್ಟನಡುವೆ ಯಾರೋ ಜುಮಾನಾ! ಹೆಸರಿನ ಮೇಲೆ ಒಂದು ಹಳದಿ ಹೂವಿನ ಚಿತ್ರ, ಕೆಳಗೆ ಪಾಸ್‌ವರ್ಡ್ ಕೇಳುವ ಖಾಲಿ ಪಟ್ಟಿ. ನನ್ನ ಮನೆಯ ಪೆಟ್ಟಿಗೆ ನನ್ನನ್ನೇ ಬಾಗಿಲಲ್ಲಿ ನಿಲ್ಲಿಸಿ ನೀನು ಯಾರು ಎಂದು ಕೇಳಿದ ಹಾಗಾಯಿತು.

ರಹಫಳನ್ನು ಕೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ನಮ್ಮ ಮನೆಯಲ್ಲಿ ಈ ವರ್ಷ ಶಾಲೆಯ ಕೊನೆಯ ಪರೀಕ್ಷೆ, ಆ ತೌಜೀಹಿ ಇದೆಯಲ್ಲ! ಟಿವಿಗೆ ಬಟ್ಟೆ ಹೊದಿಸಿದೆ, ನೆಂಟರು ಬರುವ ಹಾಗಿಲ್ಲ, ಗಟ್ಟಿಯಾಗಿ ಕೆಮ್ಮುವ ಹಾಗಿಲ್ಲ. ಮಗಳ ಕೋಣೆಯ ಮುಂದೆ ನಿನ್ನ ಸೊಸೆ ಇಬ್ತಿಸಾಮ್ ಕಾವಲು. ನಾನು ಬಾಗಿಲಿಗೆ ಕೈ ಹಾಕಿದರೆ ಸಾಕು, "ರೀ, ಓದೋ ಹುಡುಗೀನ ಮಾತಾಡಿಸ್ಬೇಡಿ, ಓದಿದ್ದೆಲ್ಲ ಮರ್ತುಹೋಗುತ್ತೆ" ಎಂದು ತಳ್ಳುತ್ತಾಳೆ. ದೇಶದ ತುಂಬ ತೌಜೀಹಿ ಮಕ್ಕಳ ಅಪ್ಪಂದಿರು ಈಗ ಸ್ವಂತ ಮನೆಯಲ್ಲಿ ಬೆಕ್ಕಿನ ಹಾಗೆ ಕಾಲಿಡುತ್ತಿದ್ದಾರೆ. ಸರಿ, ನಾನೇ ಪತ್ತೆ ಮಾಡುತ್ತೇನೆಂದು ಕೂತೆ. ಮನೆಯ ನಂಬರು ಹಾಕಿದೆ, ರಹಫಳ ಹುಟ್ಟಿದ ದಿನ ಹಾಕಿದೆ, ಒಂದರಿಂದ ಒಂಬತ್ತರವರೆಗೆ ಒತ್ತಿದೆ. ಪ್ರತಿ ಸಲವೂ ತಪ್ಪು, ತಪ್ಪು, ತಪ್ಪು. ಆ ಹಳದಿ ಹೂವು ನನ್ನನ್ನು ನೋಡಿ ಹಲ್ಲು ಕಿರಿಯುತ್ತಿತ್ತು.

ಹಿಂದೆ ಇಬ್ತಿಸಾಮ್ ಬಂದು ನಿಂತದ್ದು ಗೊತ್ತಾಗಲಿಲ್ಲ. ಗಂಡ ಯಾವುದೋ ಹೆಣ್ಣಿನ ಹೆಸರಿನ ಮುಂದೆ ಬೆವರು ಒರೆಸಿಕೊಳ್ಳುತ್ತ ಕೂತಿದ್ದನ್ನು ಕಂಡರೆ ಯಾವ ಹೆಂಡತಿ ಸುಮ್ಮನಿರುತ್ತಾಳೆ? "ಯಾರ್ರೀ ಇವಳು ಜುಮಾನಾ? ಹೆಸರು ಕೇಳಿದ್ರೇ ಗೊತ್ತಾಗುತ್ತೆ, ಇಪ್ಪತ್ತೈದು ದಾಟಿರಲ್ಲ. ಅತ್ತೆ ಬಸ್ಸು ಹತ್ತೋದನ್ನೇ ಕಾಯ್ತಾ ಇದ್ರಾ?" ಎಂದಳು. ಕುರಾನಿನ ಮೇಲೆ ಆಣೆ ಮಾಡುತ್ತೇನೆಂದೆ. "ಪಾಪ, ಕುರಾನ್ ಯಾಕೆ ಮಧ್ಯ ತರ್ತೀರಾ, ಪಾಸ್‌ವರ್ಡ್ ಹೇಳಿ ಸಾಕು" ಎಂದಳು. ಗೊತ್ತಿಲ್ಲದ ಪಾಸ್‌ವರ್ಡನ್ನು ಎಲ್ಲಿಂದ ತಂದು ಹೇಳಲಿ ಯಮ್ಮಾ? ಅವತ್ತಿನಿಂದ ನನಗೆ ಊಟಕ್ಕೆ ತಣ್ಣಗಿನ ಬೇಳೆ ಸಾರು, ಮಾತಿಗೆ ಗೋಡೆ. ಮಾಡದ ತಪ್ಪಿಗೆ ಶಿಕ್ಷೆ ಅನುಭವಿಸುವುದು ಎಷ್ಟು ಕಷ್ಟವೆಂದು ಈ ವಾರ ಅರ್ಥವಾಯಿತು. ಮಾಡಿದ್ದಿದ್ದರೆ ಕೊನೆಗೆ ಒಪ್ಪಿಕೊಳ್ಳುವುದಕ್ಕಾದರೂ ಏನೋ ಇರುತ್ತಿತ್ತು.

ಹೀಗಾಗಿ ಆ ಹುಡುಗಿ ಯಾರೆಂದು ಹುಡುಕದೆ ನನಗೆ ಬೇರೆ ದಾರಿಯೇ ಇರಲಿಲ್ಲ. ಶನಿವಾರ ಕ್ಷೌರದಂಗಡಿಯಲ್ಲಿ ಕೇಳಿದೆ, "ನಮ್ಮ ಬೀದೀಲಿ ಜುಮಾನಾ ಅನ್ನೋಳು ಯಾರಾದ್ರೂ ಇದ್ದಾಳೇನ್ರಪ್ಪಾ?" ಜೀರಿಗೆ ಮೆಣಸು ಮಾರುವವನ ಹತ್ತಿರ ಕೇಳಿದೆ. ಮಸೀದಿಯ ಮೆಟ್ಟಿಲ ಮೇಲೆ ಚಪ್ಪಲಿ ಹಾಕಿಕೊಳ್ಳುತ್ತಿದ್ದ ಮುದುಕರನ್ನೂ ಬಿಡಲಿಲ್ಲ. ಒಬ್ಬರು "ಏನು ಹಾಬಿಸ್, ಎರಡನೇ ಮದುವೆ ಯೋಚನೇನಾ?" ಎಂದರು, ಎಲ್ಲರೂ ನಕ್ಕರು. ನಾನೂ ನಕ್ಕೆ, ಒಳಗೊಳಗೇ ಕುದಿಯುತ್ತಿದ್ದೆ.

ಸೋಮವಾರ ಪೆಟ್ಟಿಗೆಯನ್ನೇ ಕಂಬಳಿಯಲ್ಲಿ ಸುತ್ತಿಕೊಂಡು ವಿಶ್ವವಿದ್ಯಾಲಯದ ರಸ್ತೆಯ ನಿದಾಲ್ ಅಂಗಡಿಗೆ ಹೊತ್ತೊಯ್ದೆ. ರಿಪೇರಿಯಲ್ಲಿ ಅವನು ಹುಷಾರಿ, ಮಾತು ಮಾತ್ರ ಜಾಸ್ತಿ. ಅಂಗಡಿಯ ತುಂಬ ಗಂಡಸರು. ನನ್ನ ಹೆಸರಿಗೆ ಪಾಸ್‌ವರ್ಡೇ ಇಲ್ಲದ್ದನ್ನು ಕಂಡು, "ಬಾಗಿಲು ತೆರೆದಿಟ್ಟು ಕಳ್ಳನ್ನ ಬೈತಾ ಇದೀರಲ್ಲ ಅಣ್ಣಾ" ಎಂದ. ನನ್ನ ಹೆಸರಿನಲ್ಲೇ ಒಳಗೆ ಹೋಗಿ ನೋಡಿ, ಇದು ವೈರಸ್ಸೂ ಅಲ್ಲ, ಹೊರಗಿನಿಂದ ಯಾರೂ ನುಗ್ಗಿಲ್ಲ, ಹೋದ ಅಕ್ಟೋಬರಿನಲ್ಲಿ ಮನೆಯೊಳಗೇ ಕೂತು ಮಾಡಿದ ಅಕೌಂಟು ಎಂದ. ಆಮೇಲೆ ದಿನ, ಗಂಟೆ ಎಲ್ಲ ತೆಗೆದು ತೋರಿಸಿದ. ಹೆಚ್ಚುಕಮ್ಮಿ ದಿನಾ ಬೆಳಿಗ್ಗೆ ಒಂಬತ್ತೂವರೆಯಿಂದ ಮಧ್ಯಾಹ್ನದವರೆಗೆ ಈ ಜುಮಾನಾ ನಮ್ಮ ಮನೆಯಲ್ಲಿದ್ದಾಳೆ. ಕೊನೆಯ ಸಲ ಬಂದದ್ದು ಗುರುವಾರ, ನಿನ್ನನ್ನು ಬಸ್ಸಿಗೆ ಬಿಟ್ಟ ದಿನವೇ, ಬೆಳಿಗ್ಗೆ ಎಂಟಕ್ಕೆ, ನಾನು ಟಿಕೆಟ್ ತರಲು ಹೊರಗೆ ಹೋಗಿದ್ದಾಗ. "ಆ ಹೊತ್ತಿಗೆ ಮನೇಲಿ ಯಾರಿರ್ತಾರೆ?" ಎಂದು ನಿದಾಲ್ ಕೇಳಿದ. "ಯಾರೂ ಇರಲ್ಲ ಕಣೋ. ನಾನು ಕೆಲಸಕ್ಕೆ, ಇವಳು ಶಿಶುವಿಹಾರಕ್ಕೆ, ಮಗಳು ಶಾಲೆಗೆ. ಅಮ್ಮ ಒಬ್ಬಳು ಇರ್ತಾಳೆ ಅಷ್ಟೆ" ಎಂದೆ.

ಹೌದು ಯಮ್ಮಾ, ಹಾಗೆಯೇ ಹೇಳಿದೆ. ಯಾರೂ ಇರಲ್ಲ, ಅಮ್ಮ ಒಬ್ಬಳು ಇರ್ತಾಳೆ. ಬರೆಯುವಾಗ ಈಗಲೂ ಕೈ ನಾಚುತ್ತದೆ. ಅವತ್ತು ನನಗೆ ಹೊಳೆದದ್ದು ಇಷ್ಟೇ, ಯಾವಳೋ ಚಾಲಾಕಿ ನನ್ನ ಮುಗ್ಧ ತಾಯಿಗೆ ಮಂಕುಬೂದಿ ಎರಚಿ ದಿನಾ ಮನೆಯೊಳಗೆ ಬಂದು ಕೂರುತ್ತಿದ್ದಾಳೆ. ರಕ್ತ ನೆತ್ತಿಗೇರಿತು. ಕಿತ್ತುಹಾಕು ಅವಳನ್ನು ಎಂದೆ. ನಿದಾಲ್ ಒತ್ತುವುದರಲ್ಲಿದ್ದ. ಅಷ್ಟರಲ್ಲಿ ಬಾಗಿಲಲ್ಲಿ ಶಿಹಾದೆ ಮಾವ ಪ್ರತ್ಯಕ್ಷರಾದರು. ನಿನ್ನ ಅಣ್ಣ ಎಷ್ಟು ವರ್ಷದಿಂದ ನನ್ನ ಹೆಸರು ಹಿಡಿದು ಗದರಿಲ್ಲ ಹೇಳು? ಅವತ್ತು ಊರುಗೋಲು ಎತ್ತಿಕೊಂಡೇ ಬಂದರು.

"ಲೋ ಹಾಬಿಸ್, ನಿನ್ನ ನಾಲಿಗೆಗೆ ಹುಳ ಬೀಳ! ಕ್ಷೌರದಂಗಡಿ, ಮಸೀದಿ, ಸಂತೆ, ಎಲ್ಲಾ ಕಡೆ ನಿಮ್ಮಮ್ಮನ ಹೆಸರು ಕೂಗ್ಕೊಂಡು ತಿರುಗ್ತಾ ಇದೀಯಲ್ಲೋ, ನಾಚಿಕೆ ಆಗಲ್ವೇನೋ?" ಎಂದರು. ನನಗೆ ತಲೆಬುಡ ತಿಳಿಯಲಿಲ್ಲ. "ನಮ್ಮಮ್ಮನ ಹೆಸರು ಫಿದ್ದಾ ಅಲ್ವಾ ಮಾವಾ?" ಎಂದು ಆ ಆರು ಗಂಡಸರ ಮುಂದೆ ನಿನ್ನ ಇನ್ನೊಂದು ಹೆಸರನ್ನೂ ಹೇಳಿಬಿಟ್ಟೆ. ತಾಯಿಯ ಹೆಸರು ಹೊರಗಿನ ಗಂಡಸರ ಕಿವಿಗೆ ಬೀಳುವುದೇ ನಮ್ಮಲ್ಲಿ ಮರ್ಯಾದೆಗೇಡು ಅಲ್ಲವೇ? ಐದನೇ ತರಗತಿಯಲ್ಲಿ ಹಾಜರಿ ಪುಸ್ತಕ ಕದ್ದು ನೋಡಿ "ಫಿದ್ದಾ ಮಗ" ಎಂದು ಕೂಗಿದವನ ಹಲ್ಲು ಉದುರಿಸಿದವನು ನಾನು. ಅಂಥವನೇ ಮೂರು ದಿನ ನಿನ್ನ ಹೆಸರನ್ನು ಊರೆಲ್ಲ ಸಾರಿಕೊಂಡು ಬಂದಿದ್ದೆ. ಮಾವ ಸ್ಟೂಲಿನ ಮೇಲೆ ಕೂತು, ನೀರು ಕುಡಿದು, ದನಿ ತಗ್ಗಿಸಿ ಹೇಳಿದರು. ಕಾಗದದಲ್ಲಿ ನಿನಗೆ ನಿನ್ನ ಅಜ್ಜಿಯ ಹೆಸರು, ಫಿದ್ದಾ ಎಂದೇ ಬರೆಸಿದರಂತೆ. ಆದರೆ ತಾತ ಸೈನ್ಯದಿಂದ ರಜೆಗೆ ಬಂದಾಗ ಅಂಗಳದಿಂದಲೇ "ಜುಮಾನಾ" ಎಂದು ಕರೆಯುತ್ತಿದ್ದರಂತೆ, ನೀನು ಓಡಿ ಬರುತ್ತಿದ್ದೆಯಂತೆ. ಮದುವೆಯಾದ ಮೇಲೆ ಆ ಹೆಸರು ಯಾರ ಬಾಯಲ್ಲೂ ಬರಲಿಲ್ಲವಂತೆ. ನಾನು ಹುಟ್ಟಿದ ಮೇಲಂತೂ ನೀನು ಉಮ್ಮ್ ಹಾಬಿಸ್, ಹಾಬಿಸನ ತಾಯಿ, ಅಷ್ಟೇ. ನಲವತ್ತಮೂರು ವರ್ಷ ನಿನ್ನ ಕೈತುತ್ತು ತಿಂದು ಬೆಳೆದವನಿಗೆ ನಿನ್ನ ಅಪ್ಪ ನಿನ್ನನ್ನು ಏನೆಂದು ಕರೆಯುತ್ತಿದ್ದರೆಂದು ಗೊತ್ತಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ.

ಮನೆಗೆ ಬಂದವನೇ ಇಬ್ತಿಸಾಮಳ ಕಾವಲು ಮುರಿದು ರಹಫಳ ಬಾಗಿಲು ಬಡಿದೆ. ಹುಡುಗಿ ನನ್ನ ಮುಖ ನೋಡಿದವಳೇ ಅಳಲು ಶುರುಮಾಡಿದಳು. "ಅಜ್ಜಿ ಹತ್ರ ಆಣೆ ಇಟ್ಟಿದ್ದೆ ಬಾಬಾ, ಹೇಳ್ಬಾರ್ದು ಅಂತ" ಎಂದಳು. ನೀನೂ ಈ ವರ್ಷ ತೌಜೀಹಿಗೆ ಕಟ್ಟಿದ್ದೀಯಂತೆ. ಹದಿನಾರರಲ್ಲಿ ಬಿಡಿಸಿದ ಓದನ್ನು ಅರವತ್ತೇಳರಲ್ಲಿ ಮುಗಿಸುತ್ತೀಯಂತೆ. ಬೆಳಿಗ್ಗೆ ಮನೆ ಖಾಲಿಯಾದ ಮೇಲೆ ಕನ್ನಡಕ ಹಾಕಿಕೊಂಡು ಒಂದೊಂದೇ ಬೆರಳಲ್ಲಿ ಪಾಠದ ಸಾರಾಂಶ ಒತ್ತುತ್ತಿದ್ದೆಯಂತೆ. ಅಕಬಾಕ್ಕೂ ಮಗುವಿನ ಬಟ್ಟೆಯ ಅಡಿಯಲ್ಲಿ ಪುಸ್ತಕ ಬಚ್ಚಿಟ್ಟು ಒಯ್ದಿದ್ದೀಯಂತೆ. ಹಿಂದಿರುಗಿ ಬಂದು ಆ ಸಾರಾಂಶಗಳನ್ನು ಒಂದು ವಾರ ತಿರುವಿ ಹಾಕಿ ಪರೀಕ್ಷೆಗೆ ಕೂರುವ ಯೋಚನೆಯಂತೆ.

ನನಗೆ ಮೊದಲು ಬಂದದ್ದು ಸಿಟ್ಟೇ, ಸುಳ್ಳು ಹೇಳುವುದಿಲ್ಲ. ನನ್ನ ಮನೆಯಲ್ಲಿ ನನ್ನ ತಾಯಿ ನನಗೆ ಹೆದರಿ ಕದ್ದು ಓದುವುದೇ? ನಾನೇನು ಹುಲಿಯೇ? ಯಾಕೆ ನನಗೆ ಹೇಳಲಿಲ್ಲವೆಂದು ಕೂಗಾಡಿದೆ. ಆಗ ರಹಫ್ ಕಣ್ಣು ಒರೆಸಿಕೊಂಡು, "ಟಿವೀಲಿ ಒಬ್ರು ಅಜ್ಜಿ ಪಾಸಾದ್ರು ಅಂತ ತೋರಿಸಿದಾಗ, ನಮ್ಮಜ್ಜಿ ನಾನೂ ಬರೀಲಾ ಅಂದ್ರಲ್ಲ ಬಾಬಾ, ನೀವೇನು ಹೇಳಿದ್ರಿ ನೆನಪಿದ್ಯಾ?" ಎಂದಳು. ನೆನಪಿತ್ತು. ನೀನು ಸೊಪ್ಪು ಬಿಡಿಸುತ್ತ ಕೂತಿದ್ದೆ. "ಸರ್ಟಿಫಿಕೇಟನ್ನ ಗೋರಿಗೆ ತಗೊಂಡು ಹೋಗ್ತೀಯಾ ಯಮ್ಮಾ?" ಎಂದಿದ್ದೆ. ಎಲ್ಲರೂ ನಕ್ಕಿದ್ದೆವು, ನೀನೂ ನಕ್ಕಿದ್ದೆ. ಅದು ನಗೆಯಾಗಿರಲಿಲ್ಲವೆಂದು ನನ್ನಂಥ ಕತ್ತೆಗೆ ಗೊತ್ತಾಗಲಿಲ್ಲ.

ಇಬ್ತಿಸಾಮ್ ಈಗ ಸಮಾಧಾನವಾಗಿದ್ದಾಳೆ, ಸಾರು ಮತ್ತೆ ಬಿಸಿಯಾಗಿದೆ. ನಿನ್ನ ಪಾಠಗಳೆಲ್ಲ ಕ್ಷೇಮ, ಅದರ ಚಿಂತೆ ಬೇಡವೇ ಬೇಡ. ಮಾವ ಸರಿಯಾದ ಹೊತ್ತಿಗೆ ಬಂದದ್ದು ನಮ್ಮ ಪುಣ್ಯ. ತಹಾನಿಗೆ, ಅಳಿಯನಿಗೆ, ಅವನ ಮನೆಯ ಹಿರಿಯರಿಗೆ ನನ್ನ ಸಲಾಮು. ಮಗುವಿನ ಹಣೆಗೊಂದು ಮುತ್ತು. ನಿನ್ನ ಹಾರೈಕೆ ನಮ್ಮ ತಲೆಯ ಮೇಲಿರಲಿ, ದೇವರು ನಿನ್ನನ್ನು ಗಟ್ಟಿಯಾಗಿಟ್ಟಿರಲಿ.

ನಿನ್ನ ಮಗ,
ಹಾಬಿಸ್

ಮರೆತದ್ದು: ಮರೆತದ್ದಲ್ಲ ಯಮ್ಮಾ, ಬರೆಯಲು ಧೈರ್ಯ ಬರಲಿಲ್ಲ. ಅಬು ರಾಕಾನ್ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ, ಇನ್ನು ತಡ ಮಾಡಿದರೆ ಈ ಸುಳ್ಳೇ ನಿನ್ನ ಕೈ ಸೇರುತ್ತದೆ. ಮಾವ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಒಳಗಿನ ಫೈಲುಗಳನ್ನು ಉಳಿಸಲಾ ಎಂದು ನಿದಾಲ್ ಎರಡು ಸಲ ಕೇಳಿದ. ಒಂದಕ್ಷರವೂ ಉಳಿಯಬಾರದು ಎಂದವನು ನಾನೇ. ನಿನ್ನ ಏಳು ತಿಂಗಳ ಸಾರಾಂಶ ಹೋಯಿತು. ಎರಡು ದಿನ ಕೂತು ಅಗೆದ ಮೇಲೆ ಅವನಿಗೆ ಸಿಕ್ಕಿದ್ದು ಬರೀ ಹೆಸರುಗಳು. ಇತಿಹಾಸ ಒಂದು, ಇತಿಹಾಸ ಎರಡು, ವ್ಯಾಕರಣ, ಹೀಗೆ ನಲವತ್ತೊಂದು. ತೆರೆದರೆ ಎಲ್ಲವೂ ಖಾಲಿ. ನಾನೂ ರಹಫೂ ಪುಸ್ತಕ ನೋಡಿ ಮತ್ತೆ ಬರೆಯುತ್ತಿದ್ದೇವೆ, ಇತಿಹಾಸ ನಾಲ್ಕರವರೆಗೆ ಆಗಿದೆ. ಆದರೆ ಒಂದನ್ನು ಮಾತ್ರ ನಾವು ಬರೆಯಲಾರೆವು. ಪಟ್ಟಿಯಲ್ಲಿ ಕೊನೆಯ ಹೆಸರು, "ಪಾಸಾದ ದಿನ ಹಾಬಿಸನಿಗೆ ಹೇಳಬೇಕಾದದ್ದು". ಅದೂ ಖಾಲಿ. ಬೈಗುಳವೇ ಇದ್ದಿರಲಿ ಯಮ್ಮಾ, ನನಗೆ ಅದು ಬೇಕು. ನನ್ನ ಮೇಲಿನ ಸಿಟ್ಟಿಗೆ ಪರೀಕ್ಷೆ ಬಿಡಬೇಡ. ಬರೆದು, ಪಾಸಾಗಿ, ಅದರಲ್ಲಿ ಏನಿತ್ತೆಂದು ನನ್ನೆದುರು ನಿಂತು ಬಾಯಿಬಿಟ್ಟು ಹೇಳು.