ಅಕ್ಕನ ತೊಡೆ, ನನ್ನ ತೊಡೆ

ಮಾರ್ಚ್ 3

ಬೆಳಗಿನಿಂದ ಲ್ಯಾಬಿನಲ್ಲಿ ಸ್ಲೈಡ್‌ಗಳಿಗೆ ಬಣ್ಣ ಹಾಕಿದ್ದೇ ಹಾಕಿದ್ದು. ಮಧ್ಯಾಹ್ನ ಅಕ್ಕನ ಫೋನ್. ಮತ್ತೆ ಬಸ್ಸಿನ ಮೆಟ್ಟಿಲಲ್ಲಿ ಬಿದ್ದಳಂತೆ. ಅವಳಿ ನಾವು, ಕನ್ನಡಿಗೂ ಗೊಂದಲವಾಗುವಷ್ಟು. ಆದರೆ ಎರಡು ವರ್ಷದಿಂದ ಅವಳ ಕಾಲಲ್ಲಿ ಬಲವಿಲ್ಲ. ನಾನು ಮೆಟ್ಟಿಲು ಓಡಿ ಹತ್ತುತ್ತೇನೆ.

ಊಟಕ್ಕೆ ಕೂತಾಗ ಅಮ್ಮ: “ಹೊಟ್ಟೇಲಿದ್ದಾಗ್ಲೇ ಅವಳ ಪಾಲನ್ನೂ ನೀನೇ ತಿಂದ್ಬಿಟ್ಟೆ ಕಣೆ.”

ತಮಾಷೆಗೇ ಹೇಳುವುದು. ಆದರೂ ಅರ್ಧಕ್ಕೇ ಎದ್ದು ಕೈ ತೊಳೆದೆ.

ಮಾರ್ಚ್ 11

ಅಕ್ಕನ ರಕ್ತದ ರಿಪೋರ್ಟ್ ಬಂತು. ಸ್ನಾಯುವನ್ನು ಗಟ್ಟಿಯಾಗಿಡುವ ಜೀನಿನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟಿದೆ. ನನ್ನದನ್ನೂ ನೋಡಿದರು. ನನ್ನಲ್ಲೂ ಅದೇ! ಮತ್ತೆ ನನಗೇಕೆ ಏನೂ ಆಗಿಲ್ಲ?

ಡಾಕ್ಟರ್ ಹೇಳಿದ್ದು: “ಹೆಂಗಸರ ಒಂದೊಂದು ಜೀವಕೋಶದಲ್ಲೂ ಆ ಎರಡರಲ್ಲಿ ಒಂದು ಮುಚ್ಚಿಹೋಗುತ್ತೆ. ಯಾವುದು ಅನ್ನೋದು ಹುಟ್ಟೋಕೆ ಮುಂಚೆನೇ ತೀರ್ಮಾನ. ಲಾಟರಿ ಇದ್ದ ಹಾಗೆ. ರಕ್ತ ನೋಡಿದ್ರೆ ತಿಳಿಯಲ್ಲ. ಈ ಜೀನು ಬಾಯಿ ಬಿಡೋದೇ ಸ್ನಾಯುವಿನಲ್ಲಿ. ಇಬ್ಬರ ತೊಡೆಯಿಂದ್ಲೂ ಒಂದು ಚೂರು ಬೇಕು.”

ತಲೆಯಲ್ಲಿ ಇದೇ ಹುಳ. ರಕ್ತದಲ್ಲೂ ಇದೆ, ಆದರೆ ಅಲ್ಲಿ ಮೌನ…

ಮಾರ್ಚ್ 12

ಅಕ್ಕ ಬೈದಳು. “ನಿಂಗೇನೂ ಆಗಿಲ್ವಲ್ಲೇ, ನೀನ್ಯಾಕೆ ಚುಚ್ಚಿಸ್ಕೋತೀಯ?”

“ಗೊತ್ತಾಗ್ಬೇಕು ನಂಗೆ.”

“ಹೌದೌದು, ಚಿಕ್ಕೋಳಿದ್ದಾಗ ಓಡೋ ಗಡಿಯಾರಾನೇ ಬಿಚ್ಚಿ ಕೆಡಿಸ್ದವಳಲ್ವಾ ನೀನು!”

ಇಬ್ಬರೂ ನಕ್ಕೆವು.

ಮಾರ್ಚ್ 29

ತೊಡೆಯ ನೋವು ಈಗ ಇಲ್ಲ. ಚೂರುಗಳು ನಮ್ಮ ಲ್ಯಾಬಿಗೇ ಬಂದವು. “ಸ್ವಂತದ್ದು ಮುಟ್ಟಬೇಡಿ,” ಎಂದರು ಲ್ಯಾಬಿನ ಮುಖ್ಯಸ್ಥೆ ಮೇಡಂ. ಅವರೇ ಬಣ್ಣ ಹಾಕಿದರು. ಒಳ್ಳೆಯ ಪ್ರತಿ ತೆರೆದಿರುವಲ್ಲಿ ಹಸಿರು, ಮುಚ್ಚಿದಲ್ಲಿ ಕಪ್ಪು. ಅಕ್ಕನನ್ನೂ ಕರೆಸಿಕೊಂಡೆ. ಮೈಕ್ರೋಸ್ಕೋಪಿಗೆ ಕಣ್ಣಿಟ್ಟವಳು ತೆಗೆಯಲೇ ಇಲ್ಲ.

“ನಂದೆಲ್ಲಾ ಬರೀ ಕಪ್ಪು… ಇರು, ಅಲ್ಲೊಂದು ಹಸಿರಿದೆ. ಇದು ನಂದೇನಾ?”

“ನಿಂದೇ.”

ನನ್ನದನ್ನು ಇಟ್ಟೆ.

“ಅಯ್ಯೋ, ನಿಂದ್ರಲ್ಲೂ ಕಪ್ಪಿದೆಯಲ್ಲೇ! ನೀನೇನೂ ಕದ್ದಿಲ್ಲ ಬಿಡು. ಅಮ್ಮಂಗೆ ನಾನೇ ಹೇಳ್ತೀನಿ.”

ನಾನು ಬಾಯಿ ಬಿಟ್ಟು ಹೇಳಿರಲಿಲ್ಲ. ಅವಳಿಗೆ ಹೇಗೆ ತಿಳಿಯಿತೋ. ವಾಶ್‌ರೂಮಿಗೆ ಹೋಗಿ ಅತ್ತು ಬಂದೆ.

ಏಪ್ರಿಲ್ 2, ಬೆಳಿಗ್ಗೆ

ಆಸ್ಪತ್ರೆಯ ಬೆಂಚು. ಇವತ್ತು ಇಬ್ಬರಿಗೂ ಎದೆಯ ಸ್ಕ್ಯಾನ್. ಹೃದಯವೂ ಸ್ನಾಯುವೇ. ತೊಡೆಯಲ್ಲಿ ನನಗೆ ಹೊಡೆದ ಲಾಟರಿ ಎದೆಯಲ್ಲೂ ಹೊಡೆದಿದೆಯೆಂದು ಹೇಳಿದವರಾರು? ಅಕ್ಕ ಮೊದಲು ಒಳಗೆ ಹೋಗಿದ್ದಳು. ಈಗ ಬಂದಳು, ಗೋಡೆ ಹಿಡಿದುಕೊಂಡು. ಅವಳ ಹೃದಯಕ್ಕೆ ಏನೂ ಆಗಿಲ್ಲವಂತೆ, ಕಲ್ಲುಗುಂಡಿನಷ್ಟು ಗಟ್ಟಿಯಂತೆ!

“ಏಳೇ, ನಿನ್ನ ಸರದಿ. ಬ್ಯಾಗ್ ಕೊಡಿಲ್ಲಿ, ನಾನು ಹಿಡ್ಕೋತೀನಿ.”

ಬ್ಯಾಗ್ ಕೊಟ್ಟೆ. ಸ್ಕ್ಯಾನಿನ ಪರದೆಯ ಮೇಲೆ ನೋಡಬೇಕು, ನನ್ನದು ಹೇಗೆ —