ಬಿಸಿಲುಪಾಳಿಯ ಓಣಿಯಿಂದ

ನೇಕಾರ ಓಣಿ, ಬೆಟಗೇರಿ
ಫೆಬ್ರವರಿ ೩೦, ೨೧೪೯

ಮೊದಲ ಸಲ ಬಿಸಿಲನ್ನು ಮಾಳಿಗೆಯ ಮೇಲೆ ಹಿಡಿದ ಹಿರಿಯರಿಗೆ,

ತಾರೀಖು ನೋಡಿ ನಗಬೇಡಿ. ನಿಮ್ಮ ಫೆಬ್ರವರಿ ಗಿಡ್ಡವಾಗಿತ್ತಂತೆ. ನಾವು ತಿಂಗಳುಗಳನ್ನು ಸಮ ಮಾಡಿಕೊಂಡಿದ್ದೇವೆ. ನನ್ನ ಕೆಲವು ಮಾತುಗಳು ವಿಚಿತ್ರ ಎನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನನ್ನ ಹೆಸರು ಕಸ್ತೂರಿ, ಮನೆತನದ ಹೆಸರು ಬಣ್ಣದ; ನಾನು ಈ ವರ್ಷದ ತಂತಿಯಕ್ಕ. ಅಂದರೆ ಓಣಿಯ ಕರೆಂಟಿನ ಏರಿಳಿತ ನೋಡಿಕೊಂಡು, ತಪ್ಪಿದವರ ಮನೆಗೆ ಹೋಗಿ ಬೈದು ಬರುವವಳು. ಬೈಯುವುದು ನನಗೇನೂ ಕಷ್ಟವಲ್ಲ.

ಇಲ್ಲಿ ಎಲ್ಲ ಮಾಳಿಗೆಗಳ ಮೇಲೂ ಸೌರ ಫಲಕಗಳಿವೆ. ನೀವು ಹಾಕಿಸುವಾಗ ನಿಮ್ಮ ಮನೆಯ ಬಿಲ್ಲನ್ನಷ್ಟೇ ನೋಡಿದಿರಿ, ಎಲ್ಲರ ಕರೆಂಟು ಹೊರುವ ಒಂದೇ ತಂತಿಯನ್ನು ನೋಡಲಿಲ್ಲ ಎಂದು ನನಗೆ ಇನ್ನೂ ಸಿಟ್ಟಿದೆ. ಮಧ್ಯಾಹ್ನ ಮಾಳಿಗೆಗಳೆಲ್ಲ ಕರೆಂಟು ಸುರಿಯುವಾಗ ಕೆಳಗೆ ಬಳಸುವವರಿಲ್ಲದಿದ್ದರೆ ವೋಲ್ಟೇಜು ಹಾಲು ಉಕ್ಕಿದಂತೆ ಏರುತ್ತದೆ. ಸಂಜೆ ಎಲ್ಲರೂ ಒಟ್ಟಿಗೆ ಕರೆಂಟಿನ ಒಲೆ ಹಚ್ಚಿದರೆ ಅದೇ ತಂತಿ ಸೊರಗುತ್ತದೆ. ಅದಕ್ಕೇ ನಮ್ಮಲ್ಲಿ ಬಿಸಿಲುಪಾಳಿ. ಬಿಸಿಲು ನೆತ್ತಿಗೆ ಬಂದಾಗ ಮಗ್ಗ, ಗಿರಣಿ, ನೀರೆತ್ತುವ ಮೋಟರು ಎಲ್ಲ ನಡೆಯಬೇಕು; ರೊಟ್ಟಿಯೂ ಆಗಲೇ ಬೇಯಬೇಕು. ರಾತ್ರಿಗೆ ಆಗ ಬೇಯಿಸಿ ಒಣಗಿಸಿಟ್ಟ ಕಟಕ ರೊಟ್ಟಿ. ಹೊಸ ಸೊಸೆಯಂದಿರು ಗೊಣಗುತ್ತಾರೆ, ನಾನೂ ಗೊಣಗಿದ್ದೆ. ಮಿಕ್ಕ ಕರೆಂಟು ಓಣಿಗೆಲ್ಲ ಸೇರಿದ ದೊಡ್ಡ ಬ್ಯಾಟರಿಗೆ ಹೋಗುತ್ತದೆ.

ಇದೆಲ್ಲ ಬಲ್ಲ ನಾವೇ ಹೋದ ತಿಂಗಳು ಎಡವಿದೆವು. ಒಂದು ದಿನ ಬೆಳಿಗ್ಗೆ ಹಿರಿಯ ನೇಕಾರ ಮಲ್ಲೇಶಪ್ಪನವರು ತೀರಿಕೊಂಡರು. ಓಣಿಯಲ್ಲಿ ಹೆಣವಿರುವಾಗ ನಾವು ಮಗ್ಗ ಹಚ್ಚುವುದಿಲ್ಲ, ಒಲೆ ಹಚ್ಚುವುದಿಲ್ಲ, ಮಾಳಿಗೆ ಹತ್ತುವುದಿಲ್ಲ. ಮಾಳಿಗೆ ಹತ್ತದೆ ಫಲಕ ಬಂದ್ ಮಾಡಲಾಗದು. ಅಂದು ಆಕಾಶದಲ್ಲಿ ಒಂದು ಮೋಡವಿರಲಿಲ್ಲ. ಮಧ್ಯಾಹ್ನಕ್ಕೆ ಮುಂಚೆಯೇ ಬ್ಯಾಟರಿ ತುಂಬಿ, ವೋಲ್ಟೇಜು ಏರತೊಡಗಿತು. ಫಲಕಗಳ ಕರೆಂಟನ್ನು ತಂತಿಗೆ ಹರಿಸುವ ಇನ್ವರ್ಟರುಗಳು ತಮ್ಮನ್ನು ಉಳಿಸಿಕೊಳ್ಳಲು ಬಂದ್ ಆಗುವುದು, ವೋಲ್ಟೇಜು ಇಳಿದೊಡನೆ ಎಲ್ಲವೂ ಒಟ್ಟಿಗೆ ಚಾಲೂ ಆಗುವುದು, ಮತ್ತೆ ಬಂದ್ ಆಗುವುದು, ಇದೇ ನಡೆಯಿತು. ನನ್ನ ತಮ್ಮ ವಿರೂಪಾಕ್ಷ ನನ್ನ ಮನೆಯಲ್ಲೇ ಇದ್ದಾನೆ. ಅವನ ಶ್ವಾಸಕೋಶ ಕೆಟ್ಟಿದೆ. ಆಕ್ಸಿಜನ್ ಯಂತ್ರ ಹಗಲೂ ರಾತ್ರಿ ನಡೆಯಬೇಕು. ಆ ಏರಿಳಿತಕ್ಕೆ ಅದು ನಿಂತೇ ಹೋಯಿತು. ಮನೆಯಲ್ಲಿದ್ದ ಸಣ್ಣ ಸಿಲಿಂಡರ್ ಅವನಿಗೆ ಹಚ್ಚಿ, ಅದು ತೀರುವುದರೊಳಗೆ ಏನಾದರೂ ಮಾಡಬೇಕೆಂದು ಓಡಿದೆ.

ಓಡಿದ್ದು ಸಾವಿನ ಮನೆಗೆ. ಇಡೀ ಓಣಿ ಅಲ್ಲಿ ಕುಳಿತಿತ್ತು. ಊರಿಗೆಲ್ಲ ಬೈಯುವ ನಾನು ಹೊಸ್ತಿಲು ದಾಟಲಿಲ್ಲ. ಹೆಣದ ಮುಂದೆ ಕುಳಿತವರಿಗೆ ಮಗ್ಗ ಹಚ್ಚಿ ಎಂದು ಯಾವ ಮುಖದಿಂದ ಹೇಳಲಿ? ಬಾಗಿಲಲ್ಲೇ ನಿಂತಿದ್ದ ನನ್ನನ್ನು ಮಲ್ಲೇಶಪ್ಪನವರ ಹೆಂಡತಿ ದ್ರಾಕ್ಷಾಯಣವ್ವ ನೋಡಿದರು. ಗೋಡೆಯ ದೀಪ ಆರಿ ಹತ್ತುವುದನ್ನೂ ನೋಡಿದರು. ನಾನು ತಮ್ಮನ ಹೆಸರು ಹೇಳುವಷ್ಟರಲ್ಲಿ ಅವರಿಗೆ ಎಲ್ಲ ತಿಳಿಯಿತು.

"ಮೊದಲ ನಮ್ಮ ಮಗ್ಗಾನ ಹಚ್ಚು, ಕಸ್ತೂರಿ," ಎಂದರು. "ಮಗ್ಗದ ಸಪ್ಪಳ ಇಲ್ಲದ ಮನ್ಯಾಗ ಅವರು ಒಂದು ದಿನಾನೂ ಮಲಗಿದವರಲ್ಲ."

ಅಳುತ್ತಲೇ ಹಚ್ಚಿದೆ. ಆಮೇಲೆ ಒಬ್ಬೊಬ್ಬರಾಗಿ ಎದ್ದು ತಮ್ಮ ತಮ್ಮ ಮನೆಗೆ ಹೋದರು. ಪಕ್ಕದ ಮನೆ, ಎದುರು ಮನೆ, ಓಣಿಯ ಕೊನೆಯವರೆಗೂ ಮಗ್ಗಗಳು ನಡೆದವು. ವೋಲ್ಟೇಜು ಇಳಿದು ನಿಂತಿತು. ನಾನು ಮನೆ ಮುಟ್ಟಿದಾಗ ವಿರೂಪಾಕ್ಷನ ಯಂತ್ರ ನಡೆಯುತ್ತಿತ್ತು. ಬಿಸಿಲಿರುವಾಗಲೇ ಮಲ್ಲೇಶಪ್ಪನವರನ್ನು ಎತ್ತಿದಾಗಲೂ ಯಾರೂ ಮಗ್ಗ ನಿಲ್ಲಿಸಲಿಲ್ಲ. ಇನ್ನು ಮುಂದೆ ಯಾರೇ ಹೋದರೂ ಹೀಗೆಯೇ ಕಳಿಸಿಕೊಡೋಣವೆಂದು ಓಣಿಯವರು ಕೂತು ಮಾತಾಡಿಕೊಂಡಿದ್ದೇವೆ.

ನಿಮ್ಮಲ್ಲಿ ನನ್ನದೊಂದು ಬೇಡಿಕೆ. ಈ ಪತ್ರ ನೀವು ಹಾಕಿಸುವ ಮೊದಲೇ ಕೈಸೇರಿದರೆ, ಫಲಕಗಳನ್ನು ಖಂಡಿತ ಹಾಕಿಸಿ. ನೀವು ಹಾಕಿಸಿದ್ದರಿಂದಲೇ ನಾವು ಇಂದು ಇಷ್ಟು ಬೆಳಕಿನಲ್ಲಿದ್ದೇವೆ. ಆದರೆ ಅದಕ್ಕೆ ಮೊದಲು ನಿಮ್ಮ ಟ್ರಾನ್ಸ್‌ಫಾರ್ಮರಿನಿಂದ ಇನ್ನೂ ಯಾರ ಯಾರ ಮನೆಗೆ ತಂತಿ ಹೋಗಿದೆ, ಆ ಮನೆಗಳಲ್ಲಿ ಏನು ನಡೆಯುತ್ತದೆ ಎಂದು ಒಮ್ಮೆ ಹೋಗಿ ಕೇಳಿ, ಚಹಾ ಕುಡಿದು ಬನ್ನಿ. ಹೋಗಿಬರುತ್ತೇನೆ. ಪತ್ರ ಉದ್ದವಾಯಿತೆಂದು ವಿರೂಪಾಕ್ಷ ಪಕ್ಕದಲ್ಲೇ ಕುಳಿತು ಜಗಳ ತೆಗೆದಿದ್ದಾನೆ. ಜಗಳವಾಡುವಷ್ಟು ಉಸಿರಿದೆ ಅವನಿಗೆ. ನನಗೆ ಅಷ್ಟು ಸಾಕು.