ಡಾಲರ್ ದಾಳಿಯ ದಿನ

ಶುಬ್ರಾ, ಕೈರೋ
೩ ಮಾರ್ಚ್ ೨೦೦೩

ಪ್ರೀತಿಯ ವಗ್ದಿ ಅಣ್ಣನಿಗೆ ತಂಗಿ ಇನಾಸಳ ಸಲಾಮು.

ಬೆನ್ನುನೋವು ಹೇಗಿದೆ? ಅತ್ತಿಗೆ ಕಳಿಸಿದ ಮುಲಾಮು ಹಚ್ಚುತ್ತಿದ್ದೀಯಾ, ಇಲ್ಲಾ ಕುವೈತಿನಲ್ಲೂ ಅದು ಪೆಟ್ಟಿಗೆಯಲ್ಲೇ ಇದೆಯಾ? ಮಹಲ್ಲಾದಲ್ಲಿ ಅಮ್ಮ ಈಗ ಎರಡು ತುತ್ತು ತಿನ್ನುತ್ತಾಳೆ. ನನ್ನ ಜೊತೆ ಮಾತ್ರ ಮಾತಿಲ್ಲ.

ಮೊನ್ನೆ ಫೋನಿನಲ್ಲಿ ನೀನು, "ನೀನೇ ಕೆಲಸ ಮಾಡೋ ಪತ್ರಿಕೆ. ನಮ್ಮ ತಮ್ಮನ ಹೆಸರು ಹಾಕೋಕೂ ಜಾಗ ಇರ್ಲಿಲ್ವಾ?" ಅಂದೆ. ಲೈನು ಕಟ್ಟಾಗಲಿಲ್ಲ ಅಣ್ಣಾ, ನಾನೇ ಇಟ್ಟುಬಿಟ್ಟೆ. ಅದಕ್ಕೇ ಬರೆಯುತ್ತಿದ್ದೇನೆ.

ಸರ್ಕಾರ ಪೌಂಡನ್ನು ಮಾರುಕಟ್ಟೆಯ ಪಾಲಿಗೆ ಬಿಟ್ಟಾಗಿನಿಂದ ನಮ್ಮ ವಾಣಿಜ್ಯ ಪುಟಕ್ಕೆ ಯುದ್ಧದ ಜ್ವರ ಬಂದಿತ್ತು. ಡಾಲರ್ ಮುತ್ತಿಗೆ ಹಾಕುತ್ತಿತ್ತು, ಪೌಂಡು ಕಂದಕದಲ್ಲಿ ಕೂತು ಕಾದಾಡುತ್ತಿತ್ತು. ಹಾಗೆ ಬರೆಯುತ್ತಿದ್ದವಳು ನಾನೇ. ಪುಟದ ಮುಖ್ಯಸ್ಥರು ಉಸ್ತಾದ್ ನಬೀಹ್, ಚಪ್ಪಟೆ ಪಾದದಿಂದಾಗಿ ಸೈನ್ಯಕ್ಕೆ ಬೇಡವಾದ ಮನುಷ್ಯ, ನನ್ನನ್ನು "ನಮ್ಮ ಸೇನಾಪತಿ" ಎಂದು ಕರೆಯುತ್ತಿದ್ದರು. ನಾನು ಹಿಗ್ಗುತ್ತಿದ್ದೆ. ಹಾಗಿರುವಾಗ ಒಂದು ಭಾನುವಾರ ನಮ್ಮ ತಮ್ಮ ಸಫ್ವತ್ ಫೋನ್ ಮಾಡಿ, "ಅಕ್ಕಾ, ಒಂದು ವಿಷಯ" ಅಂದ. "ಇಲ್ಲಿ ಯುದ್ಧ ನಡೀತಿದೆ ಕಣೋ, ಆಮೇಲೆ" ಅಂದೆ. ಬಟ್ಟೆಗೆ ಬಣ್ಣ ಹಾಕುವ ಹೊಸ ಕಾರ್ಖಾನೆಗೆ ಸೇರಿದ್ದನ್ನು ಹೇಳುವುದಿತ್ತಂತೆ. ಎಲ್ಲ ಮುಗಿದ ಮೇಲೆ ಅಮ್ಮನಿಂದ ತಿಳಿಯಿತು.

ಮಂಗಳವಾರ ಮಹಲ್ಲಾದ ವರದಿಗಾರನಿಂದ ಫ್ಯಾಕ್ಸ್ ಬಂತು: ಬಣ್ಣದ ಕಾರ್ಖಾನೆಯಲ್ಲಿ ಬಾಯ್ಲರ್ ಸಿಡಿದಿದೆ, ಆರು ಸಾವು, ಮೂವರಿಗೆ ತೀವ್ರ ಗಾಯ. ನಾನು "ಆರು ಕಾರ್ಮಿಕರು ಬಲಿ" ಎಂದು ತಲೆಬರಹ ಕೊಟ್ಟೆ. ಉಸ್ತಾದ್ ನಕ್ಕರು. "ಮೇಲೆ ಆಗಲೇ 'ಡಾಲರ್ ದಾಳಿಗೆ ಷೇರುಪೇಟೆ ಬಲಿ' ಅಂತ ಹಾಕಿದ್ದೀಯಲ್ಲಮ್ಮ. ಒಂದೇ ಪುಟಕ್ಕೆ ಎರಡು ಬಲಿ ಯಾಕೆ? ಇವರಿಗೆ 'ಸಾವು' ಸಾಕು. ಮೂಲೇಲಿ ನಾಲ್ಕು ಸಾಲು." ನಾಲ್ಕೇ ಸಾಲಾಯಿತು, ಹೆಸರುಗಳು ಬಿದ್ದುಹೋದವು. ಸಂಜೆ ಏಳೂವರೆಗೆ ಅಮ್ಮನ ಪಕ್ಕದ ಮನೆಯವರು ಫೋನ್ ಮಾಡಿ, ಸಫ್ವತ್ ಹೋಗಿಬಿಟ್ಟ ಅಂದರು.

ಮಣ್ಣು ಮಾಡಿ ಬಂದು ಐದನೆಯ ದಿನ ಕಚೇರಿಗೆ ಹೋದೆ. ಉಸ್ತಾದ್ ಎದ್ದು ನಿಂತು ಸಂತಾಪ ಹೇಳಿದರು, ಕಾಫಿ ತರಿಸಿದರು. ಅದು ಆರುವ ಮೊದಲೇ "ಪೌಂಡು ಇವತ್ತು ಕೊಂಚ ಎದ್ದಿದೆ, ನಿನ್ನ ಕೈಯಿಂದಲೇ ಬರಲಿ" ಅಂದರು. "ಗಾಯಗೊಂಡರೂ ಮಣಿಯದ ಪೌಂಡು" ಎಂದು ಬರೆದುಕೊಟ್ಟೆ. ಎಲ್ಲರೂ ಮೆಚ್ಚಿಕೊಂಡರು. ಅಂಥವರ ಕೈಕೆಳಗಿದ್ದೇನೆ ಅಣ್ಣಾ. ತಪ್ಪು ಆ ಉಸ್ತಾದರದು ಅಂತ ಅಮ್ಮನಿಗೆ ನೀನಾದರೂ ಹೇಳು, ನಿನ್ನ ಮಾತು ಕೇಳುತ್ತಾಳೆ.

ಭಾರ ಎತ್ತಬೇಡ. ದೇವರು ನಿನ್ನನ್ನು ನಮಗೆ ಉಳಿಸಲಿ.

ನಿನ್ನ
ಇನಾಸ್

ಮತ್ತೆ: ಅಮ್ಮನಿಗೆ ಹಾಗೆ ಹೇಳಬೇಡ. ಉಸ್ತಾದ್ ಕೇಳಿದ್ದು ನಾಲ್ಕು ಸಾಲು, ಯಾವ ನಾಲ್ಕು ಅಂತ ಹೇಳಿರಲಿಲ್ಲ. ಮೂರು ದಿನ ಉತ್ಪಾದನೆ ನಿಲ್ಲುತ್ತದೆ ಎಂಬುದನ್ನು ಉಳಿಸಿ, ಹೆಸರುಗಳನ್ನು ಹೊಡೆದುಹಾಕಿದವಳು ನಾನು. ಓದಲೇ ಇಲ್ಲ. ಫ್ಯಾಕ್ಸ್ ನನ್ನ ಹತ್ತಿರವೇ ಇದೆ. ಸಫ್ವತನ ಹೆಸರು ಸತ್ತವರಲ್ಲಿಲ್ಲ, ಆಸ್ಪತ್ರೆಗೆ ಸೇರಿಸಿದ ಮೂವರಲ್ಲಿ ಎರಡನೆಯದು. ಫ್ಯಾಕ್ಸ್ ಬಂದಾಗ ಮಧ್ಯಾಹ್ನ ಎರಡು ಗಂಟೆ. ಅವನು ತೀರಿಕೊಂಡದ್ದು ಸಂಜೆ ಏಳಕ್ಕೆ. ಮಹಲ್ಲಾಕ್ಕೆ ರೈಲಿನಲ್ಲಿ ಎರಡೂವರೆ ಗಂಟೆ.